ಮನೆಯಲ್ಲೇ ಮಾಡಿದರೆ ನಿಜವಾಗಿ ದುಡ್ಡು ಉಳಿಯುವುದು ಯಾವುದರಲ್ಲಿ? ಲೆಕ್ಕ ಹಾಕೋಣ ಬನ್ನಿ

ಚೀಟಿಲೆಕ್ಕ:
ಜೂನ್ ಬಂತು ಅಂದರೆ ಫೀಸು, ಯೂನಿಫಾರ್ಮ್, ಶೂ, ಬ್ಯಾಗು ಎಲ್ಲಾ ಒಟ್ಟಿಗೆ ಬರುತ್ತದೆ. ಹಾಗಾಗಿ ಈ ಸಲ ಮನೆ ಖರ್ಚಿನ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತಿದ್ದೇನೆ. ವಿಡಿಯೋಗಳಲ್ಲಿ ನೋಡಿದರೆ ಸೋಪಿನಿಂದ ಹಿಡಿದು ಸೊಳ್ಳೆಬತ್ತಿವರೆಗೆ ಎಲ್ಲಾ ಮನೆಯಲ್ಲೇ ಮಾಡಿ ಅನ್ನುತ್ತಾರೆ. ಆದರೆ ಅದಕ್ಕೆ ಬೇಕಾದ ಎಣ್ಣೆ, ಅಚ್ಚು, ಬಾಟಲಿ ಎಲ್ಲಾ ಸೇರಿ ಎಷ್ಟಾಯಿತು ಅಂತ ಒಬ್ಬರೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ದಿನಾ ಖರ್ಚಾಗುವ ಪದಾರ್ಥವನ್ನು ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವುದನ್ನು ಮಾಡಲು ಹೋದರೆ ಸಾಮಾನು ಕೊಂಡೇ ಖಾಲಿ ಆಗುತ್ತೇವೆ. ನೀವೆಲ್ಲ ನಿಮ್ಮ ಮನೆಯಲ್ಲಿ ಮಾಡುವುದನ್ನು ಅಳತೆ ಸಮೇತ ಹಾಕಿ. ಸುಮ್ನೆ "ತುಂಬಾ ಉಳಿಯುತ್ತೆ" ಅಂತ ಬರೆಯಬೇಡಿ, ಪ್ಲೀಸ್.

ಮೊದಲು ನನ್ನದು, ಇಡ್ಲಿ ಹಿಟ್ಟು. ನಮ್ಮ ಏರಿಯಾದ ಅಂಗಡಿಯಲ್ಲಿ ಕೆಜಿ ಹಿಟ್ಟು 60 ರೂಪಾಯಿ, ಬ್ರ್ಯಾಂಡಿನದು ಇನ್ನೂ ಜಾಸ್ತಿ. ಮನೆಯಲ್ಲಿ ಒಂದು ಕೆಜಿ ಇಡ್ಲಿ ಅಕ್ಕಿ, ಕಾಲು ಕೆಜಿ ಗುಂಡು ಉದ್ದಿನ ಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಅಕ್ಕಿ 50, ಬೇಳೆ 35 ಅಂದುಕೊಳ್ಳಿ. ರುಬ್ಬಿದ ಮೇಲೆ ನೀರೂ ಸೇರಿ ಹತ್ತಿರ ಹತ್ತಿರ ಮೂರು ಕೆಜಿ ಹಿಟ್ಟು. ಕೆಜಿಗೆ 30 ರೂಪಾಯಿ ಆಯಿತು, ಅಂದರೆ ಅರ್ಧಕ್ಕರ್ಧ. ಕರೆಂಟಿನ ಬಗ್ಗೆ ಕೇಳುವವರಿಗೆ: ಟೇಬಲ್ ಮೇಲಿಡುವ ಗ್ರೈಂಡರ್ 150 ವ್ಯಾಟಿನದು, 40 ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಗಿರಣಿಬೀದಿ:
ಹಿಟ್ಟಿನ ಲೆಕ್ಕ ಸರಿ ಇದೆ. ಆದರೆ ಬೇಳೆ ರುಬ್ಬುವಾಗ ತಣ್ಣೀರು ಹಾಕಬೇಕು, ಇಲ್ಲದಿದ್ದರೆ ಹಿಟ್ಟು ಬಿಸಿಯಾಗಿ ಸರಿಯಾಗಿ ಉಬ್ಬುವುದಿಲ್ಲ. ಮಿಕ್ಸಿಯಲ್ಲಿ ಮಾಡುವವರಿಗೆ ಇದು ಮುಖ್ಯ. ಬೇಳೆ ಚೆನ್ನಾಗಿ ಉಬ್ಬಿದರೆ ಅಷ್ಟೇ ಬೇಳೆಗೆ ಜಾಸ್ತಿ ಹಿಟ್ಟು ಸಿಗುತ್ತದೆ, ಅದೂ ಉಳಿತಾಯವೇ ಅಲ್ವಾ.

ನನ್ನ ಕಡೆಯಿಂದ ಸಾರಿನ ಪುಡಿ. ಧನಿಯಾ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 100 ಗ್ರಾಂ, ಜೀರಿಗೆ ಎರಡು ದೊಡ್ಡ ಚಮಚ, ಕಾಳುಮೆಣಸು ಒಂದು ದೊಡ್ಡ ಚಮಚ, ಮೆಂತ್ಯ ಮತ್ತು ಸಾಸಿವೆ ಒಂದೊಂದು ದೊಡ್ಡ ಚಮಚ, ಎರಡು ಹಿಡಿ ಕರಿಬೇವು, ಇಂಗು, ಅರಿಶಿನ. ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಬಾಣಲೆಗೆ ಸುರಿದರೆ ಧನಿಯಾ ಹುರಿಯುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿ ಆಗಿರುತ್ತದೆ. ಮೆಂತ್ಯ ಕೆಂಪಗಾಗಿ ಘಮ ಬಂದ ತಕ್ಷಣ ಇಳಿಸಿ, ಬಿಸಿ ಬಾಣಲೆಯಲ್ಲಿ ಬಿಟ್ಟರೂ ಸೀಯುತ್ತದೆ. ಕರಿಬೇವನ್ನು ಕೈಯಲ್ಲಿ ಹಿಸುಕಿದರೆ ಪುಡಿಪುಡಿ ಆಗುವಷ್ಟು ಒಣಗಿಸಿ, ಹಸಿ ಉಳಿದರೆ ಪುಡಿ ಮುಗ್ಗಲು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಡಬ್ಬಿಗೆ ಹಾಕಿ.

ಮೆಣಸಿನಕಾಯಿ ವಿಷಯದಲ್ಲಿ ಒಂದು ಮಾತು. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕಲ್ಲ. ಮನೆಯಲ್ಲಿ ಖಾರ ತಿನ್ನುವವರಿದ್ದರೆ ನಾಲ್ಕನೇ ಒಂದು ಭಾಗ ಗುಂಟೂರು ಸೇರಿಸಿ. ಬ್ಯಾಡಗಿಯಲ್ಲಿ ಎರಡು ತರಹ ಬರುತ್ತದೆ: ಕಡ್ಡಿ ಅಂತ ತೆಳ್ಳಗೆ ಸುಕ್ಕು ಸುಕ್ಕಾಗಿರುವುದು, ಡಬ್ಬಿ ಅಂತ ಗಿಡ್ಡಗೆ ದಪ್ಪಗಿರುವುದು. ಪುಡಿಗೆ ಎರಡೂ ಆಗುತ್ತದೆ, ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ತನ್ನಿ. ಹಾವೇರಿ ಜಿಲ್ಲೆಯವರು ಹೊಸ ಬೆಳೆ ಮಾರುಕಟ್ಟೆಗೆ ಬಂದಾಗ ವರ್ಷಕ್ಕಾಗುವಷ್ಟು ತೆಗೆದಿಡುತ್ತಾರೆ. ನಾವು ಬೆಂಗಳೂರಿನವರು ನೂರು ನೂರು ಗ್ರಾಂ ಪ್ಯಾಕೆಟ್ ತಂದು ಬೆಲೆ ಜಾಸ್ತಿ ಅಂತ ಗೊಣಗುತ್ತೇವೆ.

ಹೊಸಸಂಸಾರ:
ಮದುವೆಯಾಗಿ ಹೊಸದು, ಇಬ್ಬರೇ ಇರುವುದು, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮೂರು ಕೆಜಿ ಹಿಟ್ಟು, ಅರ್ಧ ಕೆಜಿ ಪುಡಿ ನಮಗೆ ಯಾವಾಗ ಮುಗಿಯಬೇಕು? ಎಲ್ಲಾ ಲೆಕ್ಕಗಳೂ ದೊಡ್ಡ ಸಂಸಾರಕ್ಕೆ ಹಾಕಿದ ಹಾಗಿದೆ.

ಚೀಟಿಲೆಕ್ಕ:
ಇಬ್ಬರಿಗೆ ಅಳತೆಯನ್ನು ಕಾಲು ಭಾಗ ಮಾಡಿಕೊಳ್ಳಿ. ಆದರೂ ನಿಮ್ಮ ಮಾತು ಒಪ್ಪುತ್ತೇನೆ. ನಿಮ್ಮಂಥ ಮನೆಯಲ್ಲಿ ಹಿಟ್ಟಿನಿಂದ ಉಳಿಯುವುದು ಅಷ್ಟಕ್ಕಷ್ಟೇ. ನಿಮಗೆ ಉಳಿಯುವುದು ಹೊರಗಿನ ಊಟ ಕಡಿಮೆ ಮಾಡಿದರೆ. ರಾತ್ರಿ ಬಂದ ಮೇಲೆ ಹದಿನೈದು ನಿಮಿಷದಲ್ಲಿ ಆಗುವ ಅಡುಗೆ ಗೊತ್ತಿದ್ದರೆ ಆ್ಯಪ್ ತೆರೆಯುವ ಕೈ ತಡೆಯುತ್ತದೆ. ಯಾರಾದರೂ ತಂಬುಳಿ ಬರೆಯಿರಿ.

ಕರಾವಳಿಅಮ್ಮ:
ತಂಬುಳಿ ನಾನು ಬರೆಯುತ್ತೇನೆ. ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡ ಇದ್ದರೆ ಸಾಕು, ಕಡ್ಡಿ ಚುಚ್ಚಿದರೂ ಬೆಳೆಯುತ್ತದೆ. ಎಂಟು ಹತ್ತು ಎಲೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಎಲೆ ಬಾಡುವವರೆಗೆ ಹುರಿಯಿರಿ. ಎರಡು ಚಮಚ ತೆಂಗಿನ ತುರಿ ಜೊತೆ ನುಣ್ಣಗೆ ಅರೆದು ಒಂದು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು, ಸಾಸಿವೆ ಒಗ್ಗರಣೆ. ಕುದಿಸುವುದು ಬೇಡ. ಅನ್ನ ಕುಕ್ಕರಿನಲ್ಲಿ ಆಗುವಷ್ಟರಲ್ಲಿ ಇದು ತಯಾರು. ಗ್ಯಾಸೂ ಇಲ್ಲ ಅನ್ನುವಷ್ಟು ಕಡಿಮೆ. ಒಂದೆಲಗ, ಪಾಲಕ್, ಮೆಂತ್ಯ ಯಾವುದರಲ್ಲಿ ಬೇಕಾದರೂ ಮಾಡಬಹುದು.

ಇನ್ನೊಂದು: ಬಿಸಾಡುವುದರಲ್ಲೇ ಒಂದು ಹೊತ್ತಿನ ತಿಂಡಿ ಆಗುತ್ತದೆ. ಕಲ್ಲಂಗಡಿ ತಿಂದ ಮೇಲೆ ಹಸಿರು ಸಿಪ್ಪೆ ಹೆರೆದು, ಒಳಗಿನ ಬಿಳಿ ಭಾಗ ಹೆಚ್ಚಿ, ನೆನೆಸಿದ ದೋಸೆ ಅಕ್ಕಿ ಜೊತೆ ರುಬ್ಬಿದರೆ ದೋಸೆ. ಉದ್ದು ಬೇಡ. ಎರಡು ಲೋಟ ಅಕ್ಕಿಗೆ ಎರಡು ಮೂರು ಲೋಟ ಹೋಳು, ಬೇರೆ ನೀರು ಹಾಕುವುದೇ ಬೇಡ, ಅದರದ್ದೇ ನೀರು ಸಾಕು. ಹೀರೆಕಾಯಿ ಸಿಪ್ಪೆ ಚಟ್ನಿ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ. ನನ್ನ ಸೊಸೆ ಅದನ್ನು ಕಸದ ಬುಟ್ಟಿಗೆ ಹಾಕುವುದು ನೋಡಿ ಇಲ್ಲಿ ಬರೆಯಬೇಕು ಅನ್ನಿಸಿತು.

ಹೊಸಸಂಸಾರ:
ಅಮ್ಮ, ಸೊಸೆ ಈ ಚರ್ಚೆ ಓದುತ್ತಿದ್ದರೆ ಕಷ್ಟ 😄 ತಂಬುಳಿ ಈ ವಾರವೇ ಮಾಡುತ್ತೇನೆ.

ಹಾಲುಕೆನೆ:
ತುಪ್ಪದ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ದಿನಾ ಒಂದು ಲೀಟರ್ ಹಾಲು ಕಾಯಿಸುವವರು ತುಪ್ಪ ಕೊಳ್ಳುವ ಅಗತ್ಯವೇ ಇಲ್ಲ. ಕೆನೆ ತೆಗೆದು ಫ್ರಿಜ್ಜಿನಲ್ಲಿ ಡಬ್ಬಿಗೆ ಸೇರಿಸುತ್ತಾ ಹೋಗಿ. ಡಬ್ಬಿ ತುಂಬಿದ ದಿನ ಒಂದು ಚಮಚ ಮೊಸರು ಹಾಕಿ ರಾತ್ರಿ ಹೊರಗಿಡಿ, ಬೆಳಿಗ್ಗೆ ಐಸ್ ನೀರು ಸೇರಿಸಿ ಮಿಕ್ಸಿಯಲ್ಲಿ ನಿಧಾನಕ್ಕೆ ತಿರುಗಿಸಿ. ಮೊದಲು ಕೆನೆ ಗಟ್ಟಿಯಾಗಿ ಮಿಕ್ಸಿ ತಿರುಗುವುದೇ ನಿಂತ ಹಾಗಾಗುತ್ತದೆ, ಆಮೇಲೆ ಒಮ್ಮೆಲೇ ಶಬ್ದ ಬದಲಾಗಿ ಬೆಣ್ಣೆ ಬೇರೆ ಮಜ್ಜಿಗೆ ಬೇರೆ. ಬೆಣ್ಣೆಯನ್ನು ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ. ತೊಳೆಯದಿದ್ದರೆ ತುಪ್ಪಕ್ಕೆ ಬೇಗ ವಾಸನೆ ಬರುತ್ತದೆ.

ಕಾಯಿಸುವಾಗ ಕಿವಿ ಕೊಟ್ಟು ಕೇಳಿ. ನೀರಿನ ಅಂಶ ಇರುವವರೆಗೆ ಚಟಪಟ ಅನ್ನುತ್ತಿರುತ್ತದೆ. ಸದ್ದು ನಿಂತು, ತಳದಲ್ಲಿ ಗಸಿ ಹೊಂಬಣ್ಣಕ್ಕೆ ಬಂದು, ಮೇಲೆ ಸಣ್ಣ ನೊರೆ ಏಳುತ್ತದಲ್ಲ, ಆಗ ಒಲೆ ಆರಿಸಿ. ಅದಕ್ಕೆ ನುಗ್ಗೆಸೊಪ್ಪು ಒಂದು ಹಿಡಿ ಹಾಕಿ. ಗರಿಗರಿಯಾದ ಆ ಸೊಪ್ಪು ಮತ್ತು ತಳದ ಗಸಿಗೆ ಉಪ್ಪು ಉದುರಿಸಿ ಬಿಸಿ ಅನ್ನ ಕಲೆಸಿದರೆ ನಮ್ಮ ಮನೆಯಲ್ಲಿ ಜಗಳವೇ.

ಲೆಕ್ಕಪರಿಶೋಧಕ:
ಹಾಲುಕೆನೆ ಅವರೇ, ತುಪ್ಪ ಪುಕ್ಕಟೆ ಅಲ್ಲ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಕೆನೆ ಬರಲಿ ಅಂತ ನೀವು ಕೊಳ್ಳುವುದು ಫುಲ್ ಕ್ರೀಮ್, ಅದಕ್ಕೆ ಲೀಟರಿಗೆ ಜಾಸ್ತಿ ಕೊಡುತ್ತೀರಿ. ಲೀಟರಿನಲ್ಲಿ ಇರುವುದೇ ಸುಮಾರು 60 ಗ್ರಾಂ ಕೊಬ್ಬು, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೆನೆಯಲ್ಲಿ ಬಂದರೆ ಪುಣ್ಯ. ತಿಂಗಳಿಗೆ ಮುಕ್ಕಾಲು ಕೆಜಿ ತುಪ್ಪ ಅಂದುಕೊಳ್ಳೋಣ. ಹಾಲಿಗೆ ಲೀಟರಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ಆ ತುಪ್ಪ 300 ರೂಪಾಯಿಗೆ ಬಿದ್ದ ಹಾಗೆ. ಅಂಗಡಿಗಿಂತ ಕಡಿಮೆ, ಒಪ್ಪಿದೆ. ಆದರೆ ಮಕ್ಕಳು ಕುಡಿದದ್ದು ಕೆನೆ ತೆಗೆದ ಹಾಲು ಅನ್ನುವುದನ್ನೂ ಮರೆಯಬೇಡಿ.

ಇನ್ನೊಂದು, ಪ್ಯಾಕೆಟ್ ಮೇಲೆ "ಹೋಮೋಜಿನೈಸ್ಡ್" ಅಂತ ಇದ್ದರೆ ಕೆನೆಗೆ ಕಾಯಬೇಡಿ. ಅದರಲ್ಲಿ ಕೊಬ್ಬಿನ ಹನಿಗಳನ್ನು ತುಂಬಾ ಸಣ್ಣದಾಗಿ ಒಡೆದಿರುತ್ತಾರೆ, ಮೇಲಕ್ಕೆ ತೇಲಿ ಬರುವುದಿಲ್ಲ. ಕೆನೆ ಕಟ್ಟಲಿಲ್ಲ ಅಂದರೆ ಹಾಲಿಗೆ ನೀರು ಬೆರೆಸಿದ್ದಾರೆ ಅಂತ ಹಾಲಿನವರ ಜೊತೆ ಜಗಳಕ್ಕೆ ಹೋಗುವವರು ಮೊದಲು ಪ್ಯಾಕೆಟ್ ಓದಿ.

ಹಾಲುಕೆನೆ:
ಆಯ್ತು ಸರ್, 300ಕ್ಕೆ ಮುಕ್ಕಾಲು ಕೆಜಿ ಘಮಘಮ ತುಪ್ಪ ನನಗೆ ಪರವಾಗಿಲ್ಲ. ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ ನೀವು.

ನ್ಯೂಜೆರ್ಸಿಯಿಂದ:
ಇಲ್ಲಿ ನಾವು ಉಪ್ಪಿಲ್ಲದ ಬೆಣ್ಣೆ ಸೇಲ್‌ನಲ್ಲಿ ತಂದು ಫ್ರೀಜರಿನಲ್ಲಿ ಇಟ್ಟು ಬೇಕಾದಾಗ ಕಾಯಿಸುತ್ತೇವೆ. ಅಮೆರಿಕದ ಬೆಣ್ಣೆಯಲ್ಲಿ ಕನಿಷ್ಠ 80 ಪರ್ಸೆಂಟ್ ಕೊಬ್ಬು ಇರಲೇಬೇಕು ಅಂತ ಕಾನೂನಿದೆ, ಹಾಗಾಗಿ ಒಂದು ಪೌಂಡ್, ಅಂದರೆ 454 ಗ್ರಾಂ ಬೆಣ್ಣೆಗೆ 350 ಗ್ರಾಂ ಆಸುಪಾಸು ತುಪ್ಪ ಬರುತ್ತದೆ. ಇಂಡಿಯನ್ ಅಂಗಡಿಯ ಬಾಟಲಿಗಿಂತ ಎಷ್ಟೋ ಕಡಿಮೆ. ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಅನ್ನುವವರು ಓವನ್ ಹಚ್ಚದೆ ಅದರ ಬಲ್ಬ್ ಮಾತ್ರ ಹಾಕಿ ಪಾತ್ರೆ ಒಳಗಿಡಿ. ಪಾತ್ರೆ ಕೆಳಗೆ ತಟ್ಟೆ ಇಡಿ, ಉಕ್ಕಿದರೆ ಓವನ್ ತೊಳೆಯುವುದು ಯಾರಿಗೂ ಬೇಡ.

ಹಿತ್ತಲಗಿಡ:
ತಿಂಡಿ ತೀರ್ಥ ಸಾಕು, ಕ್ಲೀನಿಂಗ್ ವಿಷಯಕ್ಕೆ ಬನ್ನಿ. ನಾನು ನೆಲ ಒರೆಸುವುದಕ್ಕೆ ಬಯೋಎನ್ಜೈಮ್ ಮಾಡುತ್ತೇನೆ. ಬೆಲ್ಲ 1 ಭಾಗ, ನಿಂಬೆ ಕಿತ್ತಳೆ ಮೋಸಂಬಿ ಸಿಪ್ಪೆ 3 ಭಾಗ, ನೀರು 10 ಭಾಗ. ಪ್ಲಾಸ್ಟಿಕ್ ಡಬ್ಬದಲ್ಲೇ ಹಾಕಿ, ಗಾಜಿನದು ಬೇಡ, ಒಳಗೆ ಗ್ಯಾಸ್ ಕಟ್ಟಿಕೊಳ್ಳುತ್ತದೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಬಿಗಿ ಮಾಡಬೇಕು. ಮೂರು ತಿಂಗಳಿಗೆ ಸೋಸಿ ಬಳಸಬಹುದು. ಸಿಪ್ಪೆ ಜ್ಯೂಸ್ ಅಂಗಡಿಯಲ್ಲಿ ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ.

ಕೆಮಿಸ್ಟ್ರಿಮೇಷ್ಟ್ರು:
ಬಯೋಎನ್ಜೈಮ್ ಮಾಡಿ, ತಪ್ಪಿಲ್ಲ, ಜಿಡ್ಡು ಕೊಳೆ ಹೋಗುತ್ತದೆ. ಆದರೆ ಅದನ್ನು ಫಿನಾಯಿಲ್ ತರಹ ಕ್ರಿಮಿನಾಶಕ ಅಂತ ನಂಬಬೇಡಿ. ಮನೆಯಲ್ಲಿ ವಾಂತಿ ಭೇದಿ ಆಗಿದ್ದಾಗ ಅದು ಸಾಲದು.

ಈ ವಿಷಯ ಬಂದಿದ್ದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೋಗಳಲ್ಲಿ ಅಡುಗೆ ಸೋಡದ ಮೇಲೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬಂದ ಕೂಡಲೇ "ನೋಡಿ ಹೇಗೆ ಕೊಳೆ ಕಿತ್ತು ಬರುತ್ತಿದೆ" ಅನ್ನುತ್ತಾರಲ್ಲ, ಅಲ್ಲಿ ನಡೆಯುವುದು ಇಷ್ಟೇ: ಒಂದು ಆಮ್ಲ, ಒಂದು ಕ್ಷಾರ, ಎರಡೂ ಒಂದನ್ನೊಂದು ಹೊಡೆದುಹಾಕಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಎರಡನ್ನೂ ದುಡ್ಡು ಕೊಟ್ಟು ತಂದು ನೀರು ಮಾಡಿಕೊಂಡ ಹಾಗೆ. ಬೇರೆ ಬೇರೆಯಾಗಿ ಬಳಸಿ. ಜಿಡ್ಡಿಗೆ ಸೋಡ. ಬೋರ್‌ವೆಲ್ ನೀರಿನಿಂದ ನಲ್ಲಿ, ಶವರ್ ಮೇಲೆ ಕಟ್ಟುವ ಬಿಳಿ ಪದರಕ್ಕೆ ವಿನೆಗರ್ ಅಥವಾ ನಿಂಬೆರಸ. ವಿನೆಗರಿನಲ್ಲಿ ಅದ್ದಿದ ಬಟ್ಟೆ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿ, ಬಿಟ್ಟುಕೊಳ್ಳುತ್ತದೆ. ಹಿಂಡಿದ ನಿಂಬೆ ಹೋಳಿನಲ್ಲೂ ಆಗುತ್ತದೆ, ಅದಕ್ಕೆ ಖರ್ಚೇ ಇಲ್ಲ.

ಆದರೆ ಆ ನಿಂಬೆ ವಿನೆಗರ್ ನೆಲಕ್ಕೆ ತರಬೇಡಿ, ನಿಮ್ಮ ಮನೆಯಲ್ಲಿ ಕಡಪಾ ಕಲ್ಲು, ಶಹಾಬಾದ್ ಕಲ್ಲು ಅಥವಾ ಮಾರ್ಬಲ್ ಇದ್ದರೆ. ಮೂರೂ ಸುಣ್ಣದ ಜಾತಿಯ ಕಲ್ಲುಗಳು. ನಲ್ಲಿಯ ಬಿಳಿ ಪದರ ಕರಗಿಸುವ ಆಮ್ಲ ಈ ಕಲ್ಲನ್ನೂ ಕರಗಿಸುತ್ತದೆ. ಅಡುಗೆಮನೆಯ ಕಡಪಾ ಕಟ್ಟೆಯಲ್ಲಿ ನಿಂಬೆ ಹಿಂಡಿದ ಜಾಗ ಮಾತ್ರ ಹೊಳಪು ಹೋಗಿ ಬೂದು ಬಣ್ಣ ಆಗಿರುವುದು ನೋಡಿರುತ್ತೀರಿ. ಹುಳಿ ಬಂದ ಬಯೋಎನ್ಜೈಮಿಗೂ ಇದೇ ಮಾತು. ಗ್ರಾನೈಟಿಗೆ ಅಷ್ಟು ತೊಂದರೆ ಇಲ್ಲ.

ಕೊನೆಗೆ, ಇದನ್ನು ಮನೆಯಲ್ಲಿ ಕೆಲಸ ಮಾಡುವವರಿಗೂ ಹೇಳಿ: ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್, ಆಸಿಡ್, ವಿನೆಗರ್ ಯಾವುದನ್ನೂ ಬೆರೆಸಬಾರದು. ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಎರಡೂ ಹಾಕಿದರೆ ಡಬಲ್ ಕ್ಲೀನ್ ಅನ್ನುವುದು ಸುಳ್ಳು.

ಗಿರಣಿಬೀದಿ:
ಮೇಷ್ಟ್ರೇ, ನಮ್ಮ ಕಟ್ಟೆಯ ಮೇಲಿನ ಕಲೆಗೆ ಕಾರಣ ಇವತ್ತು ಗೊತ್ತಾಯಿತು. ಹಿತ್ತಾಳೆ ಪೂಜೆ ಸಾಮಾನಿಗೆ ಹುಣಸೆ ಹಿಪ್ಪೆ ಪರವಾಗಿಲ್ಲವಾ?

ಕೆಮಿಸ್ಟ್ರಿಮೇಷ್ಟ್ರು:
ಧಾರಾಳವಾಗಿ. ಸಾರಿಗೆ ಹುಳಿ ಹಿಂಡಿದ ಮೇಲೆ ಉಳಿದ ಹಿಪ್ಪೆಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜಿ, ತಕ್ಷಣ ತೊಳೆದು ಒಣ ಬಟ್ಟೆಯಲ್ಲಿ ಒರೆಸಿಡಿ. ಹುಳಿ ಹಾಗೇ ಬಿಟ್ಟರೆ ಮತ್ತೆ ಕಪ್ಪಾಗುತ್ತದೆ. ಉಜ್ಜುವುದು ಕಡಪಾ ಕಟ್ಟೆ ಮೇಲೆ ಬೇಡ 🙂

ಕರಾವಳಿಅಮ್ಮ:
ರೇಷ್ಮೆ ಸೀರೆಗೆ ಅಂಟುವಾಳ ಬಿಟ್ಟರೆ ಬೇರೆ ಇಲ್ಲ. ಎಂಟು ಹತ್ತು ಕಾಯಿಯ ಬೀಜ ತೆಗೆದು ಬಿಸಿನೀರಲ್ಲಿ ರಾತ್ರಿ ನೆನೆಸಿ, ಹಿಸುಕಿ ಸೋಸಿ. ತಣ್ಣೀರಿನ ಬಕೆಟ್ಟಿಗೆ ಹಾಕಿ ಸೀರೆ ಅದ್ದಿ ತೆಗೆಯುವುದು, ಉಜ್ಜುವುದಿಲ್ಲ. ಹೊಸ ಸೀರೆಯಾದರೆ ಸೆರಗಿನ ಮೂಲೆ ಒದ್ದೆ ಮಾಡಿ ಬಣ್ಣ ಬಿಡುತ್ತದಾ ನೋಡಿ. ದಿನಾ ಬಟ್ಟೆಗೆ ಮಾತ್ರ ಅಂಟುವಾಳ ಬೇಡ. ಮರ ಹಿತ್ತಲಲ್ಲಿ ಇದ್ದವರಿಗೆ ಸರಿ, ಪೇಟೆಯಲ್ಲಿ ಕೊಂಡು ತಂದು ಜೀನ್ಸ್ ಒಗೆದರೆ ಸೋಪಿನ ಪುಡಿಗಿಂತ ಖರ್ಚು ಜಾಸ್ತಿ.

ವಿಜಯಪುರದಕ್ಕ:
ಎಲ್ಲರೂ ದಕ್ಷಿಣದ ಕಡೆಯವರೇ ಬರೆಯುತ್ತಿದ್ದೀರಿ, ನಮ್ಮ ಕಡೆಯದೂ ಒಂದಿಷ್ಟು ಇರಲಿ. ಶೇಂಗಾ ಚಟ್ನಿಪುಡಿ ಮನೆಯಲ್ಲಿ ಇದ್ದರೆ ಪಲ್ಯಕ್ಕೆ ಕಾಯಿಪಲ್ಲೆ ಇಲ್ಲ ಅಂತ ಚಿಂತೆ ಇಲ್ಲ ನೋಡ್ರಿ. ಶೇಂಗಾ ಕಾಲು ಕೆಜಿ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಬೆಳ್ಳುಳ್ಳಿ ಹತ್ತು ಎಸಳು, ಜೀರಿಗೆ ಒಂದು ಚಮಚ, ಖಾರದ ಪುಡಿ ಎರಡು ಚಮಚ, ಉಪ್ಪು, ಸುಪಾರಿಯಷ್ಟು ಬೆಲ್ಲ. ಒಳಕಲ್ಲಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಹದವಾಗಿ ಬರುತ್ತದೆ. ಮಿಕ್ಸಿ ಆದರೆ ತಡೆದು ತಡೆದು ತಿರುಗಿಸಬೇಕು, ಒಂದೇ ಸಮ ಬಿಟ್ಟರೆ ಮುದ್ದೆಯಾಗುತ್ತದೆ. ರೊಟ್ಟಿ, ಮೊಸರು, ಈ ಪುಡಿ, ಊಟ ಮುಗಿಯಿತು.

ಇನ್ನು ಹಳೇ ಸೀರೆ ಪಾತ್ರೆಯವರಿಗೆ ಕೊಡಬೇಡಿ. ಕೌದಿ ಹೊಲಿಯಿರಿ. ಕಾಟನ್ ಸೀರೆ, ಧೋತರ ಮೂರು ನಾಲ್ಕು ಪದರ ಹಾಸಿ, ಸುಕ್ಕು ಬಿಡಿಸಿ, ಹೊರಗಿನ ಅಂಚಿನಿಂದ ಶುರುಮಾಡಿ ಸುತ್ತು ಬರುತ್ತಾ ನಡುವಿಗೆ ಮುಗಿಸುವುದು. ಉದ್ದನೆ ಸೂಜಿ, ದಪ್ಪ ದಾರ, ಬೆರಳಗಲಕ್ಕೊಂದು ಸಾಲು. ನಡುವಿಂದ ಶುರುಮಾಡಿದರೆ ಅಂಚಿನಲ್ಲಿ ಬಟ್ಟೆ ಏರುಪೇರಾಗುತ್ತದೆ. ಸಿಂಥೆಟಿಕ್ ಸೀರೆ ಒಳಗೆ ಸೇರಿಸಬೇಡಿ, ಜಾರುತ್ತದೆ, ಬೆವರೂ ಹೀರುವುದಿಲ್ಲ. ಖರ್ಚು ದಾರದ್ದಷ್ಟೇ. ಮೊದಲ ಸಲದವರು ಕೂಸಿನ ಕೌದಿ ಮಾಡಿ ನೋಡಿ, ದೊಡ್ಡದಕ್ಕೆ ಕೈ ಹಾಕಿದರೆ ಬೇಸಿಗೆ ಕಳೆದರೂ ಮುಗಿಯುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳೂ ಬಟ್ಟೆ ತುಂಡು ಜೋಡಿಸಿ ಹೀಗೆ ಕವಂದಿ ಹೊಲಿಯುತ್ತಾರೆ, ಬಣ್ಣ ಜೋಡಿಸುವುದು ಅವರನ್ನು ನೋಡಿ ಕಲಿಯಬೇಕು.

ಲೆಕ್ಕಪರಿಶೋಧಕ:
ಎಲ್ಲಾ ಚೆನ್ನಾಗಿದೆ. ಆದರೆ ನಿಜವಾದ ದುಡ್ಡು ಬಚ್ಚಲಲ್ಲಿ ಹರಿಯುತ್ತಿದೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾಯಿಸಿದರೆ ಒಂದು ಯೂನಿಟ್. ನಾಲ್ಕು ಜನರ ಮನೆಯಲ್ಲಿ ಬೆಳಿಗ್ಗೆ ಹಾಕಿ ಹತ್ತು ಗಂಟೆಗೆ ಆರಿಸುವವರಿದ್ದಾರೆ. ಗೃಹಜ್ಯೋತಿ ಬಂದ ಮೇಲೆ, 2023ರಿಂದ, ಇದು ಇನ್ನೂ ಮುಖ್ಯ: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಸ್ವಿಚ್ ಆರಿಸಿದರೆ ಸಾರಿನ ಪುಡಿಗಿಂತ ಜಾಸ್ತಿ ಉಳಿಯುತ್ತದೆ.

ಗ್ಯಾಸಿಗೂ ಹಾಗೇ. ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ಕಡಲೆ, ರಾಜ್ಮಾ ರಾತ್ರಿ ನೆನೆಸಿ. ತೊಗರಿಬೇಳೆಯನ್ನೂ ಅರ್ಧ ಗಂಟೆ ನೆನೆಸಿ. ಕುಕ್ಕರ್ ಮೊದಲ ಕೂಗು ಹಾಕಿದ ಮೇಲೆ ಉರಿ ಸಣ್ಣ ಮಾಡಿ, ಒಳಗಿನ ಬಿಸಿ ಅಷ್ಟೇ ಇರುತ್ತದೆ, ಮತ್ತೆ ಮತ್ತೆ ಕೂಗಿಸಿದರೆ ಹೊರಗೆ ಹೋಗುವುದು ನಮ್ಮ ದುಡ್ಡಿನ ಹಬೆ. ಉರಿ ನೀಲಿ ಬಿಟ್ಟು ಹಳದಿ ಬರುತ್ತಿದ್ದರೆ ಬರ್ನರ್ ತೂತು ಕಟ್ಟಿಕೊಂಡಿದೆ, ಸೂಜಿಯಲ್ಲಿ ಬಿಡಿಸಿ ತೊಳೆಯಿರಿ.

ಹಾಲುಕೆನೆ:
ಸರ್ ಹೇಳಿದ್ದು ನಮ್ಮ ಯಜಮಾನರಿಗೆ ತೋರಿಸುತ್ತೇನೆ, ಗೀಸರ್ ಹಾಕಿ ಪೇಪರ್ ಓದುವವರು ಅವರೇ.

ಹೊಸಸಂಸಾರ:
ಅಕ್ಕಂದಿರೇ, ಅಕ್ಕನ ಮಗುವಿಗೆ ರಾಗಿ ಸರಿ ಮಾಡಿ ಕಳಿಸಬೇಕು. ಅಂಗಡಿಯ ಪುಡಿ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಹೇಗೆ ಮಾಡುವುದು?

ಗಿರಣಿಬೀದಿ:
ಒಂದು ಕೆಜಿ ರಾಗಿ ತನ್ನಿ. ಕಲ್ಲು ಹೋಗುವ ಹಾಗೆ ನೀರಿನಲ್ಲಿ ಗಾಳಿಸಿ ತೊಳೆದು ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ, ಬಟ್ಟೆ ಒಣಗಿದಂತೆ ನೀರು ಚಿಮುಕಿಸಿ. ಮಾರನೇ ದಿನ ಬಿಚ್ಚಿದರೆ ಕೆಂಪು ಕಾಳಿನ ಮೇಲೆಲ್ಲ ಬಿಳಿ ಎಳೆ ಎಳೆ ಮೊಳಕೆ, ಒಂದಕ್ಕೊಂದು ಅಂಟಿಕೊಂಡು ಗಂಟೇ ಒಂದು ಮುದ್ದೆಯಾಗಿರುತ್ತದೆ. ಬಿಡಿಸಿ ಹರಡಿ ಪೂರ್ತಿ ಒಣಗಿಸಿ, ಘಮ ಬರುವವರೆಗೆ ಹುರಿಯಿರಿ. ಗಿರಣಿಗೆ ಕೊಡುವ ಮುಂಚೆ ಕೇಳಿ, ಖಾರದ ಪುಡಿ ಹಾಕಿದ ಮಿಷನ್ನಿನಲ್ಲಿ ಆಗಷ್ಟೇ ಬೀಸಿದ್ದರೆ ಬೇಡ. ನಮ್ಮಲ್ಲಿ ಮಗುವಿನ ಹಿಟ್ಟು ಅಂದರೆ ಬೆಳಿಗ್ಗೆ ಮೊದಲು ಬನ್ನಿ ಅನ್ನುತ್ತಾರೆ. ಬೀಸಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿದರೆ ಹೊಟ್ಟು ಮೇಲೆ ಉಳಿಯುತ್ತದೆ, ಅದನ್ನು ರೊಟ್ಟಿಗೆ ಸೇರಿಸಿ.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಕೊಡುವುದು, ತೆಳ್ಳಗೆ ಶುರುಮಾಡಿ. ವರ್ಷ ತುಂಬುವವರೆಗೆ ಜೇನುತುಪ್ಪ ಹಾಕಬಾರದು, ಉಪ್ಪು ಸಕ್ಕರೆಯೂ ಬೇಡ.

ನ್ಯೂಜೆರ್ಸಿಯಿಂದ:
ನಾಲ್ಕು ದಿನದ ಇಡ್ಲಿ ಹಿಟ್ಟು ಹುಳಿ ಬಂದಿದೆ, ಒಂದು ಲೋಟದಷ್ಟು ಉಳಿದಿದೆ. ಚೆಲ್ಲಲು ಮನಸ್ಸಿಲ್ಲ.

ಚೀಟಿಲೆಕ್ಕ:
ಎರಡು ಚಮಚ ಚಿರೋಟಿ ರವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ತೆಂಗಿನ ಚೂರು ಸೇರಿಸಿ ಪಡ್ಡು ಹಾಕಿ. ಹುಳಿ ಜಾಸ್ತಿ ಅನ್ನಿಸಿದರೆ ಚಿಟಿಕೆ ಸೋಡ, ಚೂರು ಬೆಲ್ಲ. ಕಾವಲಿ ಚೆನ್ನಾಗಿ ಕಾದ ಮೇಲೆ ಹಿಟ್ಟು ಹಾಕಿ ಮುಚ್ಚಿ, ಉರಿ ಮಧ್ಯಮ ಇರಲಿ. ಕೊತ್ತಂಬರಿ ಸೊಪ್ಪು ಅಲ್ಲಿ ದುಬಾರಿ ಅಂದರೆ ಕರಿಬೇವು ಹಾಕಿ, ಅದೂ ದುಬಾರಿ ಅಂದರೆ ಬರೀ ಈರುಳ್ಳಿ ಸಾಕು.